ಹಾರ್ಡ್ ಬೂಟಿನಲ್ಲಿ ಆಲ್ಪೈನ್ ಸ್ನೋಬೋರ್ಡ್ ಕಾರ್ವಿಂಗ್: ಸೆಟಪ್, ಮೊದಲ ಅಭ್ಯಾಸ, ಹೀಲ್ ಸೈಡ್ ಸಮಸ್ಯೆ (ಮಂಗಳೂರು–ಉಡುಪಿಯವರಿಗೆ)

ಸುರತ್ಕಲ್_ಸ್ಲೈಡ್

ನಮಸ್ಕಾರ. ಜಾರದೆ ಅಂಚಿನ ಮೇಲೇ ತಿರುಗುವ ಕಾರ್ವಿಂಗ್ ಕಲೀಬೇಕು, ಅದಕ್ಕೆ ಜನವರಿ ಒಳಗೆ ಹಾರ್ಡ್ ಬೂಟ್ (ಸ್ಕೀ ಬೂಟಿನಂಥ ಗಡಸು ಪ್ಲಾಸ್ಟಿಕ್ ಬೂಟು) ಸೆಟಪ್ ಸರಿ ಮಾಡ್ಲಿಕ್ಕೆ ಉಂಟು. ಎತ್ತರ 171 ಸೆಂ.ಮೀ., ತೂಕ 72 ಕೆ.ಜಿ., ಬೂಟು ಮೊಂಡೋ (ಪಾದದ ಉದ್ದ ಸೆಂ.ಮೀ. ಲೆಕ್ಕದಲ್ಲಿ) 26.5, ಎಡಗಾಲು ಮುಂದೆ. ಬೋರ್ಡು 163 ಸೆಂ.ಮೀ., ನಡು ಅಗಲ 20 ಸೆಂ.ಮೀ., ಸೈಡ್‌ಕಟ್ (ಪಕ್ಕದ ಅಂಚಿನ ಬಾಗಿನ ತ್ರಿಜ್ಯ) 10 ಮೀಟರ್. ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಹಿಡಿಸುವ ಪ್ಲೇಟು) ಎಫ್2 ರೇಸ್ ಟೈಟಾನಿಯಂ. ಬೂಟು ಸೆಕೆಂಡ್ ಹ್ಯಾಂಡ್. ಸಾಫ್ಟ್ ಬೂಟಿನಲ್ಲಿ ಸಾಧಾರಣ ಇಳಿಜಾರು ಎಲ್ಲ ಆಗ್ತದೆ. ಬೈಂಡಿಂಗಿನ ಕೋನ, ಅಂದರೆ ಬೋರ್ಡಿನ ಅಡ್ಡದಿಂದ ಮೂತಿಯ ಕಡೆ ತಿರುಗಿಸುವುದು, ಎಷ್ಟು ಇಡುವುದು? ಮೊದಲ ದಿನ ಎಂತ ಅಭ್ಯಾಸ ಮಾಡುವುದು? ಹೀಲ್ ಸೈಡ್ (ಹಿಮ್ಮಡಿ ಕಡೆಯ) ಅಂಚು ಜಾರುವುದು ಎಂದು ಎಲ್ಲರೂ ಹೇಳ್ತಾರಲ್ಲ, ಅದಕ್ಕೆ ಕಾರಣ ಎಂತ?

ಉರ್ವದ_ಅಂಚು

ಕೋನ ಇಷ್ಟೇ ಎಂದು ನಾವು ಹೇಳುವುದಲ್ಲ ಮಾರಾಯ್ರೆ, ಬೂಟಿನ ಉದ್ದ ಮತ್ತು ಬೋರ್ಡಿನ ಅಗಲ ಸೇರಿ ಹೇಳುವುದು. ಬೈಂಡಿಂಗನ್ನು ಅಂದಾಜು 57 ಡಿಗ್ರಿಗೆ ಇಟ್ಟು ಬೂಟು ಸಿಕ್ಕಿಸಿ. ಒಂದು ಸ್ಟೀಲ್ ಸ್ಕೇಲನ್ನು ಬೋರ್ಡಿನ ಅಂಚಿಗೆ ತಾಗಿಸಿ ನೆಟ್ಟಗೆ ನಿಲ್ಲಿಸಿ ನೋಡಿ. ಟೋ ಸೈಡಲ್ಲಿ (ಬೆರಳ ಕಡೆ) ಬೂಟಿನ ಮೂತಿ, ಹೀಲ್ ಸೈಡಲ್ಲಿ ಹಿಮ್ಮಡಿ, ಎರಡೂ ಸ್ಕೇಲಿನ ಒಳಗೇ ಇರಬೇಕು. ಹೆಚ್ಚೆಂದರೆ ತಾಗಬಹುದು. ಹೊರಗೆ ಬಂದರೆ ಕೋನ 3 ಡಿಗ್ರಿ ಏರಿಸಿ ಪುನಃ ನೋಡಿ. ಬೋರ್ಡು ಜೋರಾಗಿ ಓರೆಯಾದಾಗ ಹೊರಗೆ ಚಾಚಿದ ಬೂಟು ಹಿಮಕ್ಕೆ ಒತ್ತಿ ಅಂಚನ್ನೇ ಎತ್ತಿಬಿಡ್ತದೆ. ಆ ಬೀಳುವಿಕೆಗೆ ಮುನ್ಸೂಚನೆಯೇ ಇರುವುದಿಲ್ಲ.

ಹಾಗಂತ ಬೂಟು 1 ಸೆಂ.ಮೀ.ಗಿಂತ ಹೆಚ್ಚು ಒಳಗೆ ಹೋದರೂ ಸರಿಯಲ್ಲ. ಅಂಚಿಗೆ ಒತ್ತಡ ಹಾಕುವ ಸನ್ನೆಕೋಲಿನ ಬಲ ಕಡಿಮೆಯಾಗಿ ಬೋರ್ಡು ತಡವಾಗಿ ಓರೆಯಾಗ್ತದೆ. ನಿಮ್ಮ ಅಳತೆಗೆ ಮುಂದಿನ ಕಾಲು 57–60, ಹಿಂದಿನದ್ದು 54–57ರ ಹತ್ತಿರ ಬಂದು ನಿಲ್ಲಬಹುದು. ಹಿಂದಿನ ಕೋನ ಮುಂದಿನದ್ದಕ್ಕಿಂತ 3 ಡಿಗ್ರಿ ಕಡಿಮೆ ಇಟ್ಟು ಶುರು ಮಾಡಿ. 10 ಡಿಗ್ರಿ ವ್ಯತ್ಯಾಸ ಇಟ್ಟರೆ ಸೊಂಟ ಯಾವ ಕಡೆ ನೋಡಬೇಕೆಂದೇ ಗೊತ್ತಾಗುವುದಿಲ್ಲ.

ಎರಡು ಬೈಂಡಿಂಗಿನ ನಡುವಿನ ಅಂತರಕ್ಕೆ ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದು 0.6ರಿಂದ ಗುಣಿಸಿ. 80 ಸೆಂ.ಮೀ. ಆದರೆ 48. ಇದು ಆರಂಭದ ಅಂಕಿ ಅಷ್ಟೇ, 2 ಸೆಂ.ಮೀ. ಆಚೀಚೆ ಆದ್ರೆ ತೊಂದರೆ ಇಲ್ಲ. ಮುಂದಿನ ಕಾಲಿನ ಬೆರಳ ಕಡೆ ಒಂದು ಬೆಣೆ, ಹಿಂದಿನ ಕಾಲಿನ ಹಿಮ್ಮಡಿ ಕಡೆ ಒಂದು ಬೆಣೆ ಹಾಕಿ, ಎರಡೂ ಸುಮಾರು 3 ಡಿಗ್ರಿ. ಬೆಣೆ ಇಲ್ಲದೆ ಹಿಂದಿನ ಮೊಣಕಾಲು ಬಗ್ಗುವುದೇ ಕಷ್ಟ. ಬೆಣೆ ಹಾಕಿದ ಕಡೆ ಸ್ಕ್ರೂ ಉದ್ದದ್ದು ಬೇಕು. ಬೋರ್ಡಿನ ಒಳಗೆ 6 ಮಿ.ಮೀ. ಆದರೂ ಹಿಡಿಯಬೇಕು, ತಳಕ್ಕೆ ಮುಟ್ಟಬಾರದು. ಮುಟ್ಟಿದರೆ ಬೇಸಿನಲ್ಲಿ ಉಬ್ಬು ಏಳ್ತದೆ, ಅದು ಹೋಗುವುದಿಲ್ಲ. ಸ್ಕ್ರೂ ಎಂ6, ಅದಕ್ಕೆ 3ನೇ ನಂಬರಿನ ಬಿಟ್ ಬೇಕು. ಮನೆಯ ಟೂಲ್ ಬಾಕ್ಸಿನ 2ನೇ ನಂಬರ್ ಸ್ಕ್ರೂಡ್ರೈವರ್ ಹಾಕಿದರೆ ಸ್ಕ್ರೂವಿನ ತಲೆ ಸವೆದು ಹಾಳಾಗ್ತದೆ.

ಬೂಟು ಮುಂದಕ್ಕೆ ವಾಲುವ ಪ್ರಮಾಣ (ಫಾರ್ವರ್ಡ್ ಲೀನ್): ಮುಂದಿನ ಕಾಲಿಗೆ ಕಡಿಮೆ, ಹಿಂದಿನ ಕಾಲಿಗೆ ಒಂದೆರಡು ಹಲ್ಲು ಜಾಸ್ತಿ. ಸಮತಟ್ಟಲ್ಲಿ ಬೂಟು ಸಿಕ್ಕಿಸಿ ನಿಂತಾಗ ಎರಡೂ ಮೊಣಕಾಲು ಒತ್ತಾಯ ಇಲ್ಲದೆ ಸ್ವಲ್ಪ ಬಗ್ಗಿರಬೇಕು. ಅಷ್ಟಾದರೆ ಸರಿ ಉಂಟು ಎಂದರ್ಥ.

ಬಿಜೈ_ಗೂಫಿ

ಸ್ಕೀ ಬೂಟು ಕೈಯಲ್ಲಿ ಇದ್ದರೆ ಅದನ್ನೇ ಹಾಕ್ಲಿಕ್ಕೆ ಆಗುವುದಿಲ್ಲವಾ? ಬೈಂಡಿಂಗಿನ ತಂತಿಗೆ ಕೂತುಕೊಳ್ತದಲ್ಲ.

ಉರ್ವದ_ಅಂಚು

ಕೂತುಕೊಳ್ತದೆ, ಆದರೆ ಬೇಡ. ಸ್ಕೀ ಬೂಟಿನ ಅಟ್ಟೆ ಉದ್ದ, ಹಾಗಾಗಿ ಅದೇ ಬೋರ್ಡಿಗೆ ಕೋನ ಇನ್ನೂ ಏರಿಸಬೇಕಾಗ್ತದೆ. ಎರಡನೆಯದು, ಸ್ಕೀ ಬೂಟು ಅಡ್ಡಕ್ಕೆ ಬಗ್ಗುವುದೇ ಇಲ್ಲ. ಸ್ನೋಬೋರ್ಡ್ ಹಾರ್ಡ್ ಬೂಟು ಮುಂದಕ್ಕೂ ಅಡ್ಡಕ್ಕೂ ಅಳತೆಯಾಗಿ ಬಗ್ಗುವ ಹಾಗೆ ಮಾಡಿದ್ದು. ಡೀಲಕ್ಸ್, ಯುಪಿಝೆಡ್, ಮೌಂಟನ್ ಸ್ಲೋಪ್ ಇವೆಲ್ಲ ಇಂಥ ಬೂಟು ಮಾಡುವ ಕಂಪನಿಗಳು. ನಡೆಯಲು ಅನುಕೂಲವಾಗಲಿ ಎಂದು ಅಟ್ಟೆ ಬಾಗಿಸಿದ ಗ್ರಿಪ್‌ವಾಕ್ ಸ್ಕೀ ಬೂಟನ್ನಂತೂ ಈ ಬೈಂಡಿಂಗಿಗೆ ಸಿಕ್ಕಿಸಲೇಬೇಡಿ, ಹಿಡಿತ ಸರಿ ಕೂರುವುದಿಲ್ಲ.

ಮಣಿಪಾಲ_ಮೆಕ್

ತಿರುವು ಯಾಕೆ ಆಗುತ್ತದೆ ಎಂಬುದು ಮೊದಲೇ ಅರ್ಥವಾದರೆ ಮುಂದಿನ ಅಭ್ಯಾಸ ಸುಲಭ. ಆದ್ದರಿಂದ ಸ್ವಲ್ಪ ಲೆಕ್ಕ.

ಬೋರ್ಡಿನ ಪಕ್ಕದ ಅಂಚು ನೇರ ಇಲ್ಲ, ಒಳಕ್ಕೆ ಬಾಗಿದೆ. ಓರೆ ಮಾಡಿ ಭಾರ ಹಾಕಿದಾಗ ನಡುಭಾಗ ಕೆಳಕ್ಕೆ ಬಾಗಿ ಇಡೀ ಅಂಚು ಹಿಮವನ್ನು ಮುಟ್ಟುತ್ತದೆ. ಹಾಗೆ ಮುಟ್ಟಿದ ಕಮಾನಿನ ತ್ರಿಜ್ಯವೇ ತಿರುವಿನ ತ್ರಿಜ್ಯ. ಗಟ್ಟಿ ಹಿಮದಲ್ಲಿ ಅದು ಹೆಚ್ಚುಕಡಿಮೆ ಸೈಡ್‌ಕಟ್ ಗುಣಿಸು ಓರೆಕೋನದ ಕೊಸೈನ್. 10 ಮೀಟರ್ ಸೈಡ್‌ಕಟ್ಟಿನ ಬೋರ್ಡು 45 ಡಿಗ್ರಿ ಓರೆಯಲ್ಲಿ ಸುಮಾರು 7 ಮೀಟರ್ ತ್ರಿಜ್ಯಕ್ಕೂ, 60 ಡಿಗ್ರಿಯಲ್ಲಿ 5 ಮೀಟರಿಗೂ ತಿರುಗುತ್ತದೆ. ಕಾಲಿನಿಂದ ತಿರುಚುವ ಕೆಲಸ ಎಲ್ಲೂ ಬರುವುದಿಲ್ಲ. ಓರೆ ಜಾಸ್ತಿಯಾದಷ್ಟು ತಿರುವು ಚಿಕ್ಕದು, ಅಷ್ಟೇ.

ಇನ್ನು ವೇಗ. ದೇಹವೂ ಬೋರ್ಡೂ ಒಂದೇ ಕೋನದಲ್ಲಿ ವಾಲಿವೆ, ಇಳಿಜಾರು ತೀರಾ ಕಡಿಮೆ ಎಂದು ಹಿಡಿದರೆ, ವೇಗದ ವರ್ಗ = ಸೈಡ್‌ಕಟ್ × 9.8 × ಓರೆಕೋನದ ಸೈನ್. ನಿಮ್ಮ ಬೋರ್ಡಿಗೆ 30 ಡಿಗ್ರಿಗೆ ಗಂಟೆಗೆ 25 ಕಿ.ಮೀ., 45ಕ್ಕೆ 30, 60ಕ್ಕೆ 33. ಪೂರ್ತಿ ಮಲಗಿದರೂ 36 ದಾಟುವುದಿಲ್ಲ. ಈ ಅಂಕಿಗಳು ಎಷ್ಟು ಹತ್ತಿರ ಹತ್ತಿರ ಇವೆ ನೋಡಿ. 20 ಮೀಟರ್ ಸೈಡ್‌ಕಟ್ಟಾದರೆ ಮಿತಿ ಸುಮಾರು 50ಕ್ಕೆ ಹೋಗುತ್ತದೆ. ಪ್ಯಾರಲೆಲ್ ಜೈಂಟ್ ಸ್ಲಾಲಂ (ಇಬ್ಬರು ಪಕ್ಕಪಕ್ಕ ಇಳಿಯುವ ರೇಸು) ಬೋರ್ಡುಗಳು 180 ಸೆಂ.ಮೀ. ದಾಟಿ, ದೊಡ್ಡ ಸೈಡ್‌ಕಟ್ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಚೆಕ್ ಗಣರಾಜ್ಯದ ಎಸ್ಟರ್ ಲೆಡೆಟ್ಸ್‌ಕಾ ಸ್ಕೀಯ ಸೂಪರ್ ಜಿ ಮತ್ತು ಸ್ನೋಬೋರ್ಡಿನ ಪ್ಯಾರಲೆಲ್ ಜೈಂಟ್ ಸ್ಲಾಲಂ ಎರಡರಲ್ಲೂ ಚಿನ್ನ ಗೆದ್ದರಲ್ಲ, ಆ ಬೋರ್ಡು ಕಲಿಯುವವರ ಬೋರ್ಡಲ್ಲ. ಕಲಿಯಲು 160–170 ಸೆಂ.ಮೀ., 9–11 ಮೀಟರ್ ಸರಿ. ನಿಮ್ಮದು ಅದರೊಳಗೇ ಇದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು: ಬೋರ್ಡಿನ ಓರೆ ಯಾವಾಗಲೂ ದೇಹದ ವಾಲುವಿಕೆಗೆ ಸಮ ಅಥವಾ ಅದಕ್ಕಿಂತ ಹೆಚ್ಚಿರಬೇಕು. ದೇಹ ಬೋರ್ಡಿಗಿಂತ ಹೆಚ್ಚು ವಾಲಿದರೆ, ಅಂಚು ಕೊರೆದ ಮೆಟ್ಟಿಲು ಹೊರಕ್ಕೆ ಇಳಿಜಾರಾಗಿ ಬೋರ್ಡು ಜಾರುತ್ತದೆ. ಭುಜ ಸಮ ಇಡಿ, ಸೊಂಟ ಮತ್ತು ಮೊಣಕಾಲನ್ನು ಮಾತ್ರ ಒಳಕ್ಕೆ ತನ್ನಿ ಎಂದು ಎಲ್ಲ ತರಬೇತುದಾರರೂ ಹೇಳುವುದು ಈ ಒಂದು ಕಾರಣಕ್ಕೆ. 60 ಡಿಗ್ರಿ ವಾಲುವಿಕೆಯಲ್ಲಿ ಕಾಲಿನ ಮೇಲೆ ದೇಹತೂಕದ ಎರಡರಷ್ಟು ಭಾರ ಬೀಳುತ್ತದೆ, ನಿಮಗೆ 144 ಕೆ.ಜಿ. ತೊಡೆಗೆ ಈಗಿನಿಂದಲೇ ವ್ಯಾಯಾಮ ಮಾಡಿಸಿ.

ಸುರತ್ಕಲ್_ಸ್ಲೈಡ್

ಲೆಕ್ಕ ಸ್ಪಷ್ಟ ಆಯ್ತು ಸರ್. ಜಾಗದ ಬಗ್ಗೆ ಹೇಳಿ. ಗುಲ್ಮಾರ್ಗಾ, ದುಬೈಯಾ?

ಕಟಪಾಡಿ_ಕಾರ್ವ್

ಕಾರ್ವಿಂಗಿಗೆ ಬೇಕಾದ್ದು ಯಂತ್ರದಲ್ಲಿ ಒತ್ತಿ ಸಮ ಮಾಡಿದ ಗಟ್ಟಿ ಹಿಮ, ಅಗಲದ ಇಳಿಜಾರು, ಜನ ಕಡಿಮೆ. ಗುಲ್ಮಾರ್ಗ್ ಚಂದ, ಆದರೆ ಅದರ ಹೆಸರಿರುವುದು ಅಪರ್ವತ್ ಬೆಟ್ಟದ ಮೇಲಿನ ಆಳ ಪುಡಿ ಹಿಮಕ್ಕೆ. ಗೊಂಡೋಲದ (ಕೇಬಲ್ ಕಾರು) ಎರಡನೇ ಹಂತ ಸುಮಾರು 3,980 ಮೀಟರಿಗೆ ಕರಕೊಂಡು ಹೋಗ್ತದೆ, ಅಲ್ಲಿಂದ ಇಳಿಯುವುದು ಸಮ ಮಾಡಿದ ದಾರಿಯಲ್ಲ. ಕಿರಿದಾದ, ಗಡಸು ಆಲ್ಪೈನ್ ಬೋರ್ಡು ಪುಡಿ ಹಿಮದಲ್ಲಿ ಮೂತಿ ಮುಳುಗಿಸ್ತದೆ. ಹೋಗುವುದಾದರೆ ಕೆಳಗಿನ ಒತ್ತಿದ ಇಳಿಜಾರಿನಲ್ಲಿ, ಬೆಳಿಗ್ಗೆ ಬೇಗ. ಮಧ್ಯಾಹ್ನದ ಮೇಲೆ ಹಿಮ ಮೆತ್ತಗಾಗಿ ಗುಂಡಿ ಬೀಳ್ತದೆ.

ದುಬೈಯ ಸ್ಕೀ ದುಬೈ ಒಳಾಂಗಣ, 2005ರಿಂದ ಉಂಟು. ಅತಿ ಉದ್ದದ ಇಳಿಜಾರು 400 ಮೀಟರ್. ಚಿಕ್ಕದು ನಿಜ. ಆದರೆ ಬಜ್ಪೆಯಿಂದ ನೇರ ವಿಮಾನ, ವರ್ಷವಿಡೀ ಹಿಮ, ನಮ್ಮ ಕಡೆಯವರ ಮನೆ ಒಂದಾದರೂ ಅಲ್ಲಿ ಇರ್ತದೆ. ಮೊದಲ ಹಂತದ ಅಭ್ಯಾಸಕ್ಕೆ 400 ಮೀಟರ್ ಸಾಕು, ಯಾಕೆಂದರೆ ಆಗ ಬೇಕಾದ್ದು ಒಂದೊಂದೇ ತಿರುವು. ನಿಮ್ಮದೇ ಹಾರ್ಡ್ ಬೂಟು, ಪ್ಲೇಟ್ ಬೈಂಡಿಂಗ್ ತರ್ಲಿಕ್ಕೆ ಆಗ್ತದಾ ಎಂದು ಟಿಕೆಟ್ ಮಾಡುವ ಮೊದಲೇ ಬರೆದು ಕೇಳಿ. ಬಾಡಿಗೆಗೆ ಸಿಗುವುದು ಸಾಫ್ಟ್ ಬೂಟು ಎಂದೇ ಹಿಡ್ಕೊಳ್ಳಿ. 163 ಸೆಂ.ಮೀ. ಬೋರ್ಡಿನ ಚೀಲ ವಿಮಾನದಲ್ಲಿ ಉದ್ದದ ಸಾಮಾನು ಆಗ್ತದೆ, ಅದನ್ನೂ ಮೊದಲೇ ಬುಕ್ ಮಾಡಿ.

ಒಂದು ವಾರ ಪೂರ್ತಿ ಕೊಡ್ಲಿಕ್ಕೆ ಆದ್ರೆ ಜಪಾನೋ ಆಸ್ಟ್ರಿಯವೋ ಆಗಬಹುದು. ಜಪಾನಿನಲ್ಲಿ ಹಾರ್ಡ್ ಬೂಟ್ ಕಾರ್ವಿಂಗ್ ಮಾಡುವವರು ಇವತ್ತಿಗೂ ತುಂಬ ಜನ.

ಊರಲ್ಲಿರುವಾಗ ಸರ್ಫ್‌ಸ್ಕೇಟ್ (ಸರ್ಫಿಂಗಿನ ಹಾಗೆ ತಿರುಗುವ ಸ್ಕೇಟ್‌ಬೋರ್ಡು) ಸಹಾಯ ಆಗ್ತದೆ, ಆದರೆ ಕಣ್ಣು ಮತ್ತು ಭುಜದ ಅಭ್ಯಾಸಕ್ಕೆ ಮಾತ್ರ. ಅಂಚಿನ ಹಿಡಿತ ಅದರಲ್ಲಿ ಬರುವುದಿಲ್ಲ. ವಾಹನ ಇಲ್ಲದ ಲೇಔಟ್ ರಸ್ತೆಯಲ್ಲಿ ಮಾತ್ರ, ಹೆಲ್ಮೆಟ್ ಹಾಕಿ. ಮಣಿಪಾಲದ ಇಳಿಜಾರು ರಸ್ತೆಗಳ ಆಸೆ ಮಾಡ್ಬೇಡಿ.

ಉರ್ವದ_ಅಂಚು

ಮೊದಲ ದಿನದ ಅಭ್ಯಾಸ. ತೀರಾ ಸಣ್ಣ ಇಳಿಜಾರಿನಲ್ಲಿ ಶುರು ಮಾಡಿ. ಸಾಫ್ಟ್ ಬೂಟಿನಲ್ಲಿ ಬೋರ್ ಹೊಡೆಯುವಂಥ ಇಳಿಜಾರೇ ಇದಕ್ಕೆ ಸರಿ.

ಇಳಿಜಾರಿಗೆ ಅಡ್ಡವಾಗಿ ಹೊರಡಿ. ತಿರುಗಬೇಡಿ. ಮೊಣಕಾಲನ್ನು ಟೋ ಸೈಡಿಗೆ ಒತ್ತಿ ಬೋರ್ಡನ್ನು ಸ್ವಲ್ಪ ಓರೆ ಮಾಡಿ ಸುಮ್ಮನೆ ನಿಂತುಬಿಡಿ. ಬೋರ್ಡು ತಾನಾಗಿ ಮೇಲಕ್ಕೆ ತಿರುಗಿ ನಿಲ್ತದೆ. ನಿಂತ ಮೇಲೆ ಹಿಂದೆ ತಿರುಗಿ ನಿಮ್ಮ ಗೆರೆ ನೋಡಿ. ಸಪೂರ ಒಂದೇ ಗೆರೆ ಇದ್ದರೆ ಅದು ಕಾರ್ವ್. ಅಂಗೈ ಅಗಲ ಉಜ್ಜಿದ ಗುರುತು ಇದ್ದರೆ ಸ್ಕಿಡ್. ಹೀಲ್ ಸೈಡಿಗೂ ಇದನ್ನೇ ಮಾಡಿ. ಎರಡೂ ಕಡೆ ಗೆರೆ ಸಪೂರ ಬಂದ ಮೇಲೆ, ಹೊರಡುವ ದಿಕ್ಕನ್ನು ಪ್ರತಿ ಸಲ ಸ್ವಲ್ಪ ಸ್ವಲ್ಪ ಕೆಳಕ್ಕೆ ತನ್ನಿ. ಕೊನೆಗೆ ನೇರ ಕೆಳಕ್ಕೆ ಹೊರಟು ಓರೆ ಮಾಡಿ, ನಿಲ್ಲುವವರೆಗೆ ಕಾಯಿರಿ. ಇದು ಬಂದ ಮೇಲೆ ಎರಡು ತಿರುವು ಜೋಡಿಸುವುದು: ತಿರುವಿನ ಕೊನೆಯಲ್ಲಿ ಬೋರ್ಡನ್ನು ಚಪ್ಪಟೆ ಮಾಡಿ, ಇನ್ನೂ ಅಡ್ಡ ಹೋಗುತ್ತಿರುವಾಗಲೇ ಮತ್ತೊಂದು ಅಂಚಿಗೆ ಬನ್ನಿ. ಕೆಳಕ್ಕೆ ತಿರುಗಿದ ಮೇಲೆ ಅಂಚು ಹಾಕುವುದಲ್ಲ, ಅಂಚು ಹಾಕಿದ್ದರಿಂದ ಕೆಳಕ್ಕೆ ತಿರುಗಬೇಕು.

ಸಾಫ್ಟ್ ಬೂಟಿನಿಂದ ಬಂದವರಿಗೆಲ್ಲ ಒಂದು ಅಭ್ಯಾಸ ಬಿಡ್ಲಿಕ್ಕೆ ಕಷ್ಟ: ತಿರುವಿನ ಆರಂಭದಲ್ಲಿ ಹಿಂದಿನ ಕಾಲಿಂದ ಟೇಲನ್ನು (ಬೋರ್ಡಿನ ಹಿಂತುದಿ) ದೂಡುವುದು. 57 ಡಿಗ್ರಿ ಕೋನದಲ್ಲಿ ಹಾಗೆ ದೂಡಿದರೆ ಗಡಸು ಬೂಟು ಅಷ್ಟನ್ನೂ ಬೋರ್ಡಿಗೆ ದಾಟಿಸ್ತದೆ, ಅಂಚು ಹಿಡಿಯುವ ಮೊದಲೇ ಬಿಟ್ಟುಹೋಗ್ತದೆ.

ಕೈಗೆ ಒಂದು ಕೆಲಸ ಕೊಡಿ: ತಿರುವಿನ ಹೊರಗಿನ ಕೈ, ಹೊರಗಿನ ಬೂಟಿನ ಕಡೆ ಇಳಿಯಬೇಕು. ಎಡಗಾಲು ಮುಂದಿದ್ದವರಿಗೆ ಟೋ ಸೈಡಿನಲ್ಲಿ ಎಡಗೈ ಎಡ ಬೂಟಿನ ಹೊರಬದಿಗೆ, ಹೀಲ್ ಸೈಡಿನಲ್ಲಿ ಬಲಗೈ ಮೊಣಕಾಲಿನ ಪಕ್ಕಕ್ಕೆ. ಭುಜ ತಾನಾಗಿ ಸಮ ಆಗ್ತದೆ. ಒಳಗಿನ ಕೈಯಿಂದ ಹಿಮ ಮುಟ್ಟಲು ಹೋದ ಕೂಡಲೆ ಮಣಿಪಾಲದವರು ಹೇಳಿದ ತೊಂದರೆ ಬರ್ತದೆ, ದೇಹ ಬೋರ್ಡಿಗಿಂತ ಹೆಚ್ಚು ವಾಲ್ತದೆ.

ಬಿಜೈ_ಗೂಫಿ

ಆದರೆ ಮೈಯಿಡೀ ಹಿಮಕ್ಕೆ ತಾಗಿಸಿ ತಿರುಗುವ ಶೈಲಿಯೂ ಉಂಟಲ್ಲ? ಅದರಲ್ಲಿ ಕೈ, ಎದೆ ಎಲ್ಲ ನೆಲದಲ್ಲೇ.

ಉರ್ವದ_ಅಂಚು

ಉಂಟು. ಫ್ರಾನ್ಸಿನ ಸೆರ್ಜ್ ವಿಟೆಲ್ಲಿ ಹೆಸರಲ್ಲೇ ಒಂದು ತಿರುವು ಇದೆ. ಸ್ವಿಟ್ಜರ್ಲೆಂಡಿನ ಜಾಕ್ ರಿಲಿಯೆ ಮತ್ತು ಪಾತ್ರಿಸ್ ಫಿವಾ ಅದನ್ನು ಎಕ್ಸ್‌ಟ್ರೀಮ್ ಕಾರ್ವಿಂಗ್ ಎಂದು ಬೆಳೆಸಿದರು. ಅಲ್ಲಿ ಬೋರ್ಡಿನ ಓರೆ ಅಷ್ಟು ಆದ ಮೇಲೆ ಮೈ ತಾಗುವುದು, ಮೈ ತಾಗಿಸ್ಲಿಕ್ಕೆ ಹೋಗಿ ಓರೆ ಆಗುವುದಲ್ಲ. ಮೈ ತಿರುಗಿಸುವ ಕ್ರಮ, ಕಾಲು ಚಾಚಿ ಮಡಚುವ ಕ್ರಮ ಎಲ್ಲ ಬೇರೆ. ಮೊದಲು ಸಪೂರ ಗೆರೆ ಬರಲಿ.

ಮಣಿಪಾಲ_ಮೆಕ್

ಹೀಲ್ ಸೈಡ್ ವಿಷಯ ಬಿಟ್ಟುಹೋಯಿತು. ಅದಕ್ಕೆ ಒಂದೇ ಕಾರಣ ಇಲ್ಲ, ಆದ್ದರಿಂದ ಗೆರೆ ನೋಡಿ ಪತ್ತೆ ಮಾಡಬೇಕು.

ಗೆರೆ ಆರಂಭದಲ್ಲೇ ಅಗಲ, ಆಮೇಲೆ ಸಪೂರ: ಬೋರ್ಡನ್ನು ತಿರುಚಿ ಶುರು ಮಾಡಿದ್ದೀರಿ. ಆರಂಭ ಸಪೂರ, ಕೊನೆಯಲ್ಲಿ ತುಂಡು ತುಂಡಾಗಿ ಬಡಿದ ಗುರುತು: ಅಂಚು ತಡವಾಗಿ ಬಂದು ಎಲ್ಲ ಭಾರವೂ ಕೊನೆಯ ಮೂರನೇ ಒಂದು ಭಾಗದಲ್ಲಿ ಬಿದ್ದಿದೆ. ಇದೇ ಎಲ್ಲಕ್ಕಿಂತ ಸಾಮಾನ್ಯ. ಸಪೂರ ಗೆರೆ ಹೋಗಿ ಹೋಗಿ ತಟ್ಟನೆ ನಿಂತು ಅಲ್ಲೊಂದು ಗುಂಡಿ: ಬೂಟು ತಾಗಿದೆ, ಸ್ಕೇಲು ತೆಗೆದು ಮತ್ತೆ ಅಳೆಯಿರಿ. ಟೇಲಿನ ಗುರುತು ಮಾತ್ರ ಅಗಲ: ಭಾರ ಹಿಂದಕ್ಕೆ ಹೋಗಿದೆ.

ಭಾರ ಹಿಂದಕ್ಕೆ ಹೋಗುವುದು ಸೊಂಟದಿಂದ. ಸಾಫ್ಟ್ ಬೂಟಿನವರು ಹೀಲ್ ಸೈಡಿನಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಕೂರುತ್ತಾರೆ, ಸೊಂಟ ಬೋರ್ಡಿಗೆ ಅಡ್ಡವಾಗಿ ಟೋ ಸೈಡಿನ ಕಡೆ ನೋಡುತ್ತಿರುತ್ತದೆ. ಹಾರ್ಡ್ ಬೂಟಿನಲ್ಲಿ ಸೊಂಟ ಬೈಂಡಿಂಗಿನ ದಿಕ್ಕಿಗಾದರೂ, ಸಾಧ್ಯವಾದರೆ ಅದಕ್ಕಿಂತ ಹೆಚ್ಚಾಗಿ ಬೋರ್ಡಿನ ಮೂತಿಯ ಕಡೆಗಾದರೂ ನೋಡಬೇಕು. ಹಿಂದಿನ ಮೊಣಕಾಲನ್ನು ಮುಂದಿನ ಮೊಣಕಾಲಿನ ಹಿಂಬದಿಗೆ ಒತ್ತಿ. ಬಲಗೈಯನ್ನು ಮುಂದಕ್ಕೂ ಕೆಳಕ್ಕೂ ನೂಕಿ, ಅದು ಹಿಂದೆ ಉಳಿದರೆ ಸೊಂಟವೂ ಹಿಂದೆ ಉಳಿಯುತ್ತದೆ. ಕಣ್ಣು ತಿರುವು ಮುಗಿಯುವ ಜಾಗದಲ್ಲಿರಲಿ, ಅಂದರೆ ಎಡ ಭುಜದ ಆಚೆ, ಇಳಿಜಾರಿನ ಮೇಲ್ಗಡೆಗೆ. ಬೋರ್ಡಿನ ಮೂತಿಯನ್ನು ನೋಡುತ್ತಿದ್ದರೆ ಸೊಂಟ ತೆರೆಯುವುದೇ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ಬೋರ್ಡು ಗಡಗಡ ನಡುಗಿದರೆ ಸಾಮಾನಿನ ಕಡೆ ನೋಡಿ. ಮೇಲಿನ ಬಕಲ್ ತೀರಾ ಬಿಗಿಯಾಗಿ ಕಣಕಾಲು ಬಗ್ಗದಿರಬಹುದು. ಒಂದು ಹಲ್ಲು ಸಡಿಲಿಸಿ. ಅಥವಾ ಅಂಚು ಮೊಂಡಾಗಿರಬಹುದು, ಮುಖ್ಯವಾಗಿ ಹಿಂದಿನ ಕಾಲಿನ ಕೆಳಗೆ. ಉಗುರಿನ ಬೆನ್ನನ್ನು ಅಂಚಿಗೆ ಅಡ್ಡ ಎಳೆದರೆ ಉಗುರಿನ ಪುಡಿ ಏಳಬೇಕು. ಪಕ್ಕದ ಅಂಚು 88 ಅಥವಾ 89 ಡಿಗ್ರಿ, ಬೇಸಿನ ಕಡೆ ಅರ್ಧದಿಂದ 1 ಡಿಗ್ರಿ ಸಾಕು.

ಕಟಪಾಡಿ_ಕಾರ್ವ್

ಒಂದು ಮಾತು ಸೇರಿಸ್ತೇನೆ, ಇದನ್ನು ಯಾರೂ ಹಗುರ ಮಾಡಬೇಡಿ. ಕಾರ್ವ್ ಮಾಡುವವರು ಇಳಿಜಾರಿನ ಪೂರ್ತಿ ಅಗಲ ಬಳಸಿ, ತಿರುವಿನ ಕೊನೆಯಲ್ಲಿ ಮೇಲಕ್ಕೂ ಹೋಗ್ತಾರೆ. ಹಿಂದಿನಿಂದ ಬರುವ ಸ್ಕೀಯರಿಗೆ ಅದರ ಅಂದಾಜೇ ಇರುವುದಿಲ್ಲ. ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ–ಸ್ನೋಬೋರ್ಡ್ ಒಕ್ಕೂಟ) ನಿಯಮದಲ್ಲಿ ಹಿಂದಿನಿಂದ ಬರುವವರೇ ದಾರಿ ಬಿಡಬೇಕು ಎಂದಿದೆ, ಸರಿ. ಆದರೆ ಹೊರಡುವಾಗಲೂ ಇಳಿಜಾರಿನಲ್ಲಿ ಮೇಲಕ್ಕೆ ಹೋಗುವಾಗಲೂ ಮೇಲೆ ಕೆಳಗೆ ನೋಡುವ ಜವಾಬ್ದಾರಿ ನಮ್ಮದು ಎಂದೂ ಅದರಲ್ಲೇ ಇದೆ. ಜನರ ನಡುವೆ ದೊಡ್ಡ ಖಾಲಿ ಜಾಗ ಬರುವವರೆಗೆ ಕಾದು ಹೊರಡಿ. ಹೀಲ್ ಸೈಡ್ ತಿರುವಿಗೆ ಮೊದಲು ಭುಜದ ಮೇಲಿಂದ ಹಿಂದೆ ನೋಡಿ, ಆ ಕಡೆ ಬೆನ್ನು ಇರ್ತದೆ.

ಮಲ್ಪೆ_ವರ್ಕ್‌ಶಾಪ್

ಸಾಮಾನು ಇಡುವುದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕರಾವಳಿಯಲ್ಲಿ ಬೋರ್ಡು ಹಾಳಾಗುವುದು ಹಿಮದಲ್ಲಲ್ಲ, ಮನೆಯಲ್ಲಿ.

ಅಂಚು ಸಾದಾ ಸ್ಟೀಲು. ಉಪ್ಪು ಗಾಳಿಗೆ, ಜೂನ್–ಸೆಪ್ಟೆಂಬರ್ ಮಳೆಗೆ ಬರಿದೇ ಬಿಟ್ಟರೆ ತುಕ್ಕು ಖಂಡಿತ. ಸೀಸನ್ ಮುಗಿದ ಕೂಡಲೆ ಒರೆಸಿ ಒಣಗಿಸಿ, ಬೇಸಿಗೆ ದಪ್ಪ ವ್ಯಾಕ್ಸ್ ಹಾಕಿ ಅಂಚಿನ ಮೇಲೂ ಹರಿಯುವ ಹಾಗೆ ಮಾಡಿ, ಕೆರೆಯದೆ ಹಾಗೇ ಬಿಡಿ. ಮುಂದಿನ ಸಲ ಹೊರಡುವ ಮೊದಲು ಕೆರೆದರಾಯ್ತು. ಇಸ್ತ್ರಿಪೆಟ್ಟಿಗೆ ಹಳೆಯದಾದರೂ ಆದೀತು, ಹಬೆಯ ತೂತು ಇಲ್ಲದ್ದು ಬೇಕು. ವ್ಯಾಕ್ಸ್ ಹೊಗೆಯಾಡಿದರೆ ಬಿಸಿ ಜಾಸ್ತಿ ಆಯ್ತು. ಒಂದೇ ಕಡೆ ನಿಲ್ಲಿಸದೆ ಎಳೀತಾ ಇರಿ. ತುಕ್ಕು ಈಗಾಗಲೇ ಬಂದಿದ್ದರೆ ರಬ್ಬರ್ ಕಲ್ಲಿನಿಂದ ಉಜ್ಜಿ, ಆಮೇಲೆ ಡೈಮಂಡ್ ಕಲ್ಲು. ನೇರ ಫೈಲ್ ಹಾಕಿ ಸ್ಟೀಲು ಖರ್ಚು ಮಾಡಬೇಡಿ.

ಒದ್ದೆ ಬೋರ್ಡನ್ನು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೂ ಬೇಡ, ಪದರಗಳ ಅಂಟು ಬಿಡಬಹುದು. ಬೈಂಡಿಂಗ್ ಸ್ಕ್ರೂ ಸಡಿಲಿಸಿ ಇಡಿ. ಅದಕ್ಕೆ ಹಾಕುವ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಪ್ಲಾಸ್ಟಿಕ್ ಭಾಗಕ್ಕೆ ತಾಗದ ಹಾಗೆ ನೋಡ್ಕೊಳ್ಳಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡ್ತದೆ.

ಬೂಟಿನ ಲೈನರ್ (ಒಳಗಿನ ಮೆತ್ತನೆಯ ಬೂಟು) ಹೊರತೆಗೆದು ಒಣಗಿಸಿ, ಇಲ್ಲದಿದ್ರೆ ಆಟಿ ತಿಂಗಳಲ್ಲಿ ಬೂಷ್ಟು ಹಿಡೀತದೆ. ಪೂರ್ತಿ ಒಣಗಿದ ಮೇಲೆ ಒಳಗೆ ಹಾಕಿ ಬಕಲ್ ಮೆಲ್ಲಗೆ ಮುಚ್ಚಿಡಿ, ಆಕಾರ ಉಳೀತದೆ. ಸೆಕೆಂಡ್ ಹ್ಯಾಂಡ್ ಬೂಟು ಎಂದಿರಲ್ಲ ಸುರತ್ಕಲ್‌ನವರೇ, ಅದು ಎಷ್ಟು ಹಳೆಯದು? ಪಾಲಿಯುರೆಥೇನ್ ಶೆಲ್ (ಬೂಟಿನ ಹೊರಕವಚ) ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಒಳಗಿಂದೊಳಗೆ ಶಿಥಿಲ ಆಗ್ತದೆ. ನೋಡ್ಲಿಕ್ಕೆ ಸರಿ ಇರ್ತದೆ, ಚಳಿಯಲ್ಲಿ ಭಾರ ಬಿದ್ದಾಗ ಒಡೀತದೆ.

ಸುರತ್ಕಲ್_ಸ್ಲೈಡ್

ಈಗ ತೆಗೆದು ನೋಡಿದೆ. ಬಕಲ್ ರಿವೆಟ್ ಸುತ್ತ ಬಿಳಿ ಗೆರೆಗಳು ಉಂಟು, ಹಿಮ್ಮಡಿ ಅಟ್ಟೆ ಉಗುರಲ್ಲಿ ಒತ್ತಿದರೆ ಪುಡಿ ಬರ್ತದೆ. ಇಂಟೆಕ್ ಹೀಲ್ (ತುಳಿದರೆ ಪಿನ್ನುಗಳಿಂದ ಬೈಂಡಿಂಗಿಗೆ ಸಿಕ್ಕಿಕೊಳ್ಳುವ, ಕೇಬಲ್ ಎಳೆದರೆ ಬಿಡುವ ಹಿಮ್ಮಡಿ ಭಾಗ) ಇದೆ, ಅದರ ಪಿನ್ನುಗಳು ಚಲಿಸ್ತವೆ.

ಮಲ್ಪೆ_ವರ್ಕ್‌ಶಾಪ್

ಆ ಶೆಲ್ ಹಾಕಬೇಡಿ. ಬಿಳಿ ಗೆರೆ ಎಂದರೆ ಬಿರುಕು ಶುರುವಾಗಿದೆ, ಅಂಟು ಹಾಕಿ ಸರಿ ಮಾಡುವಂಥದ್ದಲ್ಲ. ಇಂಟೆಕ್ ಹೀಲ್ ಮಾತ್ರ ಬಿಚ್ಚಿಡಿ. ಹೊಸ ಬೂಟಿಗೆ ಕೂರುವುದಾದರೂ ಕೇಬಲ್ ಹೊಸತು ಹಾಕಿ, ಹಳೆ ಕೇಬಲ್ ತುಂಡಾದರೆ ಬೋರ್ಡಿನಿಂದ ಕಾಲು ಬಿಡಿಸ್ಲಿಕ್ಕೆ ಆಗುವುದಿಲ್ಲ. ಪ್ರತಿ ಸಲ ತುಳಿದ ಮೇಲೆ ಎರಡೂ ಪಿನ್ ಪೂರ್ತಿ ಹೊರಗೆ ಬಂದಿವೆಯಾ ಎಂದು ಕಣ್ಣಿಂದಲೇ ನೋಡಬೇಕು. ಅಟ್ಟೆಯಡಿ ಹಿಮ ಕಚ್ಚಿದರೆ ಒಂದೇ ಪಿನ್ ಕೂರ್ತದೆ.

ಉರ್ವದ_ಅಂಚು

ಹೊಸತು ತಗೊಳ್ಳುವಾಗ ಲೈನರ್ ತೆಗೆದು ಬರೀ ಶೆಲ್ಲಿಗೆ ಕಾಲು ಹಾಕಿ. ಬೆರಳು ಮುಂದೆ ಮೆಲ್ಲಗೆ ತಾಗಿದಾಗ ಹಿಮ್ಮಡಿಯ ಹಿಂದೆ 10–15 ಮಿ.ಮೀ. ಜಾಗ ಇರಬೇಕು. ಚಪ್ಪಲಿಯಲ್ಲೇ ಬೆಳೆದ ನಮ್ಮವರ ಪಾದ ಮುಂದೆ ಅಗಲ. ಹಾಗಂತ ಒಂದು ಸೈಜ್ ದೊಡ್ಡದು ತಗೊಂಡರೆ ಹಿಮ್ಮಡಿ ಎದ್ದು ಅಂಚಿನ ಹಿಡಿತವೇ ಹೋಗ್ತದೆ. ಉದ್ದಕ್ಕೆ ಸರಿಯಾದ ಶೆಲ್ ತಗೊಂಡು, ಕಿರುಬೆರಳಿನ ಹತ್ತಿರ ಬಿಸಿ ಮಾಡಿ ಹಿಗ್ಗಿಸಿಕೊಳ್ಳಿ. ಸ್ಕೀ ಬೂಟಿನ ಕೆಲಸ ಮಾಡುವ ಅಂಗಡಿಗಳಲ್ಲಿ ಇದನ್ನು ಮಾಡಿಕೊಡ್ತಾರೆ.

ಥರ್ಮೋ ಲೈನರಾದರೆ ಅದೇ ಅಂಗಡಿಯಲ್ಲಿ ಅಚ್ಚು ಮಾಡಿಸಿ. ಸಾಮಾನ್ಯವಾಗಿ 115–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ನಿಮಿಷ, ಲೈನರಿನ ಕಂಪನಿ ಹೇಳಿದ ಅಂಕಿ ಬೇರೆ ಇದ್ದರೆ ಅದೇ ಸರಿ. ಬೆರಳಿನ ಮೇಲೆ ಸ್ಪಾಂಜಿನ ಟೊಪ್ಪಿ ಹಾಕಿ, ತೆಳು ಕಾಲುಚೀಲ ತೊಟ್ಟು, ಬಕಲ್ ಹದವಾಗಿ ಮುಚ್ಚಿ, ಬೈಂಡಿಂಗಿನಲ್ಲಿ ನಿಲ್ಲುವ ಹಾಗೆಯೇ ಮೊಣಕಾಲು ಬಗ್ಗಿಸಿ 10–15 ನಿಮಿಷ ಅಲುಗದೆ ನಿಲ್ಲಿ. ನೆಟ್ಟಗೆ ನಿಂತು ಅಚ್ಚು ಮಾಡಿಸಿದರೆ ಮುಂದಕ್ಕೆ ಬಗ್ಗಿದಾಗ ಮೀನಖಂಡಕ್ಕೂ ಲೈನರಿಗೂ ನಡುವೆ ಸಂದು ಬೀಳ್ತದೆ.